ಅಲೆಕ್ಸಾಂಡರ್ ಅಗಾಸಿ (1835–1910): ಹವಳದ ದಿಬ್ಬಗಳ ಸಂಶೋಧಕರ ಜೀವನ ಪರಿಚಯ

ಅಲೆಕ್ಸಾಂಡರ್ ಅಗಾಸಿ ಅವರು 1835ರ ಡಿಸೆಂಬರ್ 17ರಂದು ಸ್ವಿಟ್ಜರ್‌ಲೆಂಡಿನಲ್ಲಿ ಜನಿಸಿ, 1849ರಲ್ಲಿ ಅಮೆರಿಕಕ್ಕೆ ತೆರಳಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪದವೀಧರರಾದ ಇವರು ಮಿಷಿಗನ್ ರಾಜ್ಯದ ತಾಮ್ರದ ಗಣಿಗಳನ್ನು ಲಾಭದಾಯಕ ಸ್ಥಿತಿಗೆ ತಂದು, 1871ರಿಂದ ಕೊನೆಯವರೆಗೂ ಗಣಿ ಕಂಪನಿಯ ಅಧ್ಯಕ್ಷರಾಗಿದ್ದರು. ಆ ಸಂಪತ್ತಿನಲ್ಲಿ ದೊಡ್ಡ ಮೊತ್ತವನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರ ವಸ್ತುಸಂಗ್ರಹಾಲಯಕ್ಕೂ ಸಮುದ್ರ ಸಂಶೋಧನೆಗೂ ವಿನಿಯೋಗಿಸಿದರು.

1877ರಲ್ಲಿ ಅಮೆರಿಕ ಸರ್ಕಾರದ ಕರಾವಳಿ ಸರ್ವೆ ಇಲಾಖೆಯು ತನ್ನ 'ಬ್ಲೇಕ್' ಹಡಗನ್ನು ಇವರ ಸಂಶೋಧನೆಗೆ ಒದಗಿಸಿತು. ಸಮುದ್ರತಳವನ್ನು ಬಾಚುವ ಬಲೆಗೆ ಅಲ್ಲಿಯವರೆಗೆ ದಪ್ಪ ನಾರಿನ ಹಗ್ಗವನ್ನು ಕಟ್ಟಲಾಗುತ್ತಿತ್ತು. ಗಣಿಯಲ್ಲಿ ಭಾರವೆತ್ತುವ ಉಕ್ಕಿನ ತಂತಿಹಗ್ಗವನ್ನು ಬಲ್ಲ ಅಗಾಸಿ ಅವರ ಸಲಹೆಯಂತೆ ಅದನ್ನೇ ಹಡಗಿನಲ್ಲಿ ಅಳವಡಿಸಲಾಯಿತು. ತೆಳುವಾದ ಈ ಹಗ್ಗವು ಅಲ್ಪ ಸ್ಥಳದಲ್ಲಿ ಅಡಕವಾಗುತ್ತಿದ್ದು, ಬಲೆಯನ್ನು ಬೇಗನೆ ಇಳಿಸಿ ಎತ್ತಲು ಅನುಕೂಲವಾಯಿತು. ಮುಂದೆ ಆಳಸಮುದ್ರ ಸಂಶೋಧನೆಯಲ್ಲಿ ಇದೇ ರೂಢಿಗೆ ಬಂದಿತು.

ತರುವಾಯ ಆಸ್ಟ್ರೇಲಿಯಾ, ಫಿಜಿ ಹಾಗೂ ಮಾಲ್ಡೀವ್ಸ್‌ನ ಹವಳದ ದಿಬ್ಬಗಳನ್ನು ಪರಿಶೀಲಿಸಿದರು. 1899–1900ರಲ್ಲಿ ಮೀನುಗಾರಿಕೆ ಆಯೋಗದ 'ಆಲ್ಬಟ್ರಾಸ್' ಹಡಗಿನಲ್ಲಿ ಪೆಸಿಫಿಕ್ ದ್ವೀಪಗಳನ್ನು ಸುತ್ತಿದರು. ಕುಸಿಯುತ್ತಿರುವ ದ್ವೀಪಗಳ ಸುತ್ತ ದಿಬ್ಬಗಳು ಬೆಳೆಯುತ್ತವೆ ಎಂಬ ಡಾರ್ವಿನ್ನರ ಮತವನ್ನು ಇವರು ಒಪ್ಪಲಿಲ್ಲ. ಈ ಕುರಿತು ಬರೆಯಬೇಕೆಂದಿದ್ದ ಸಮಗ್ರ ಗ್ರಂಥವು ಹೊರಬರುವ ಮುನ್ನವೇ, 1910ರ ಮಾರ್ಚ್ 27ರಂದು ಹಡಗಿನ ಪ್ರಯಾಣದಲ್ಲಿ ನಿಧನರಾದರು.

1952ರಲ್ಲಿ ಎನಿವೆಟಾಕ್ ಹವಳದ್ವೀಪದಲ್ಲಿ ಕೊರೆದಾಗ, 1,200 ಮೀಟರಿಗೂ ಹೆಚ್ಚಿನ ಆಳದಲ್ಲಿ ಜ್ವಾಲಾಮುಖಿ ಶಿಲೆ ದೊರೆಯಿತು. ಡಾರ್ವಿನ್ನರ ಮತವೇ ಸರಿಯೆಂದಾಯಿತು.