ಚಿತ್ರಕಾರರಾಗಲು ಹೋಗಿ ಯಂತ್ರಕಾರರಾದ ಲಕ್ಷ್ಮಣರಾವ ಕಿರ್ಲೋಸ್ಕರರು

ಇಟಲಿ ದೇಶದ ಲಿಯೊನಾರ್ಡೊ ದ ವಿಂಚಿ ಎಂಬ ಮಹಾಕಲಾವಿದನ ಹೆಸರನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕೇಳಿರಬಹುದು. 1452ರಲ್ಲಿ ಹುಟ್ಟಿ 1519ರಲ್ಲಿ ಕಾಲವಾದ ಈತನು ಮೋನಾ ಲಿಸಾ ಎಂಬ ಜಗತ್ಪ್ರಸಿದ್ಧ ಚಿತ್ರವನ್ನು ಬರೆದವನು. ಅದೇ ಕೈಯಿಂದ ಹಾರುವ ಯಂತ್ರಗಳ, ಕಾಲುವೆಯ ಬಾಗಿಲುಗಳ, ಗಾಲಿಗಳ ನಕಾಶೆಗಳನ್ನು ಬಿಡಿಸಿ ವಹಿಗಳನ್ನು ತುಂಬಿದವನು. ಎಡಗೈಯಿಂದ, ಬಲದಿಂದ ಎಡಕ್ಕೆ ಬರೆದುಕೊಳ್ಳುತ್ತಿದ್ದುದರಿಂದ ಆ ವಹಿಗಳನ್ನು ಕನ್ನಡಿಯೆದುರು ಹಿಡಿದು ಓದಬೇಕಾಗುತ್ತದೆ. ಯುರೋಪಿನಲ್ಲಿ ಕಲೆ ಮತ್ತು ವಿದ್ಯೆಗಳು ಹೊಸ ಹುಟ್ಟು ಪಡೆದ ಆ ಕಾಲವನ್ನು ಚರಿತ್ರಕಾರರು ಪುನರುಜ್ಜೀವನದ ಕಾಲವೆಂದು ಕರೆಯುತ್ತಾರೆ. ಆದರೆ ಚಿತ್ರ ಬರೆಯುವ ಕೈ ಯಂತ್ರವನ್ನೂ ನಿರ್ಮಿಸಬಲ್ಲುದೆಂಬುದನ್ನು ಕಾಣಲು ನಾವು ಇಟಲಿಯವರೆಗೆ ಹೋಗಬೇಕಾದ ಕಾರಣವಿಲ್ಲ. ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ, ಮಿರಜದಿಂದ ಪುಣೆಗೆ ಹೋಗುವ ರೈಲುಹಾದಿಯ ಮೇಲೆ, ಕಿರ್ಲೋಸ್ಕರವಾಡಿ ಎಂಬ ನಿಲ್ದಾಣವಿದೆ. ಆ ಊರಿಗೆ ಹೆಸರು ತಂದ ಪುರುಷರನ್ನು ನಮ್ಮ ಬಾಲಕ ಬಾಲಿಕೆಯರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶವಾಗಿದೆ.

ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಊರೂ ಇದೇ. ಮನೆಯೊಳಗಿನ ಮಾತು ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ; ಗಡಿಭಾಗದಲ್ಲಿ ಬಾಳುವ ನಮಗೆ ಇದು ಹೊಸ ಸಂಗತಿಯಲ್ಲ. ಇಂಥವರನ್ನು ಯಾವ ಭಾಷೆಯವರೆಂದು ಪಟ್ಟಿಗೆ ಸೇರಿಸಬೇಕೆಂಬ ಚರ್ಚೆಯಲ್ಲಿ ನಮಗೆ ಆಸಕ್ತಿಯಿಲ್ಲ. ಅವರು ಮಾಡಿದ ನೇಗಿಲು ಎರಡೂ ಭಾಷೆಯವರ ಹೊಲಗಳನ್ನು ಉತ್ತಿತು.

ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪರಿಶ್ರಮವುಳ್ಳವರು. ಮಗನಿಗೆ ಮಾತ್ರ ಶಾಲೆಯ ಪುಸ್ತಕಗಳಿಗಿಂತ ಚಿತ್ರದ ಮೇಲೂ ಯಂತ್ರದ ಮೇಲೂ ಮನಸ್ಸು. ಚಿತ್ರಕಲೆಯನ್ನು ಕಲಿಯಬೇಕೆಂಬ ಅವನ ಹಂಬಲ ತಂದೆಗೆ ಹಿಡಿಸಲಿಲ್ಲ. ಚಿತ್ರ ಬರೆದು ಹೊಟ್ಟೆ ಹೊರೆಯುವುದು ಹೇಗೆ ಎಂಬ ಚಿಂತೆ ಆ ಕಾಲದ ಯಾವ ತಂದೆಗಾದರೂ ಸಹಜವೇ. ಹಿರಿಯಣ್ಣ ರಾಮುಅಣ್ಣನವರು ತಮ್ಮನ ಬೆನ್ನಿಗೆ ನಿಂತರು. ಹೀಗೆ 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಎಂಬ ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳು ಕಳೆದ ಮೇಲೆ ಒಂದು ಸಂಗತಿ ಹೊರಬಿದ್ದಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವೇ ತಿಳಿಯುತ್ತಿರಲಿಲ್ಲ. ಇದಕ್ಕೆ ವರ್ಣಾಂಧತೆಯೆಂದು ಹೆಸರು. ಬಹುಮಟ್ಟಿಗೆ ಇದು ಹುಟ್ಟಿನಿಂದಲೇ ಬರುವಂಥದು. ಗಂಡುಮಕ್ಕಳಲ್ಲಿ ಹೆಚ್ಚು, ಹೆಣ್ಣುಮಕ್ಕಳಲ್ಲಿ ತೀರ ಕಡಿಮೆ. ಈ ದೋಷವಿರುವ ಹಲವರಿಗೆ ಕೆಂಪು ಮತ್ತು ಹಸಿರು ಒಂದರಲ್ಲೊಂದು ಬೆರೆತಂತೆ ಕಾಣುತ್ತವೆ. ಅಭ್ಯಾಸದಿಂದಾಗಲಿ ಶಿಕ್ಷೆಯಿಂದಾಗಲಿ ಇದು ಹೋಗುವುದಿಲ್ಲ. ನಮ್ಮ ಮನೆಯ ಹುಡುಗನೊಬ್ಬ ಎಲೆಗೆ ಕಂದು ಬಣ್ಣ ಹಚ್ಚಿದರೆ ಅವನನ್ನು ಗದರಿಸುವ ಮೊದಲು ತಾಯಿತಂದೆಗಳೂ ಗುರುಗಳೂ ಈ ಮಾತನ್ನು ನೆನೆಯಬೇಕು. ಲಕ್ಷ್ಮಣರಾಯರಿಗಾದರೋ ಆಗ ಹದಿನೆಂಟರ ಪ್ರಾಯ. ತಂದೆಯ ಮನಸ್ಸನ್ನು ಮೀರಿ, ಅಣ್ಣನ ಹಣದಿಂದ ಕಲಿಯಲು ಬಂದವರು. ಬರಿಗೈಯಲ್ಲಿ ಮನೆಗೆ ಮರಳಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ.

ಅವರು ಮರಳಲಿಲ್ಲ. ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಅದೇ ಕಲಾಶಾಲೆಯಲ್ಲಿ ಯಂತ್ರಗಳ ನಕಾಶೆ ತೆಗೆಯುವ ವಿದ್ಯೆಯನ್ನು ಕಲಿತರು. ಈ ವಿದ್ಯೆಯಲ್ಲಿ ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬೇರೆಬೇರೆಯಾಗಿ ಬರೆಯುತ್ತಾರೆ. ಪ್ರತಿಯೊಂದು ಭಾಗದ ಉದ್ದ, ಅಗಲ, ತೂತಿನ ಅಳತೆಯನ್ನು ನಮೂದಿಸುತ್ತಾರೆ. ಆ ಯಂತ್ರವನ್ನು ಎಂದೂ ಕಾಣದ ಕಮ್ಮಾರನು ಕಾಗದವೊಂದನ್ನೇ ನೋಡಿ ಅದನ್ನು ಮಾಡಬಲ್ಲವನಾಗಬೇಕು. ಇಲ್ಲಿ ಬಣ್ಣದ ಗೊಡವೆಯೇ ಇಲ್ಲ. ಗೆರೆ ನೇರವಾಗಿರಬೇಕು, ಅಳತೆ ನಿಜವಾಗಿರಬೇಕು, ಅಷ್ಟೆ. ಮುಂದೆ ಅವರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಈ ವಿಷಯದ ಶಿಕ್ಷಕರಾದರು. ಹುಡುಗರಿಗೆ ಗೆರೆ ಎಳೆಯುವುದನ್ನು ಕಲಿಸುತ್ತ ತಾವು ಯಂತ್ರಗಳನ್ನು ನಡೆಸುವುದನ್ನೂ ಬಿಚ್ಚಿ ಜೋಡಿಸುವುದನ್ನೂ ಕಲಿತರು.

ಆ ದಿನಗಳಲ್ಲಿ ಸೈಕಲ್ಲು ನಮ್ಮ ದೇಶಕ್ಕೆ ಹೊಸದಾಗಿ ಬಂದಿತ್ತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲು ಕೊಂಡು ಬೆಳಗಾವಿಗೆ ಕಳಿಸುವುದು, ರಾಮುಅಣ್ಣನವರು ಅವನ್ನು ಮಾರಿ, ಕೊಂಡವರಿಗೆ ಹತ್ತಿ ಓಡಿಸುವುದನ್ನು ಕಲಿಸುವುದು, ಹೀಗೆ 1888ರಲ್ಲಿ ಕಿರ್ಲೋಸ್ಕರ ಬಂಧುಗಳ ವ್ಯಾಪಾರ ಆರಂಭವಾಯಿತು. 1897ರಲ್ಲಿ ಲಕ್ಷ್ಮಣರಾಯರಿಗೆ ಸಲ್ಲಬೇಕಾದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾಯಿತು. ಅವರು ನೌಕರಿಯನ್ನು ತ್ಯಜಿಸಿ ಬೆಳಗಾವಿಗೆ ಬಂದು ಅಣ್ಣನ ಜೊತೆಗೂಡಿದರು.

ಸೈಕಲ್ಲು ಊರವರ ವಾಹನ. ಹಳ್ಳಿಯವನಿಗೆ ಬೇಕಾದುದು ಬೇರೆ. ಅವರು ಮೊದಲು ಕೈಗೆತ್ತಿಕೊಂಡುದು ಕಣಿಕೆ ಕತ್ತರಿಸುವ ಯಂತ್ರವನ್ನು. ಜೋಳದ ಸೀಮೆಯಾದ ನಮ್ಮ ಜತ್ತ ತಾಲೂಕಿನಲ್ಲಿ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಡಿಯ ಕಣಿಕೆಯನ್ನು ಮುಂದೆ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದುಬಿಡುತ್ತವೆ. ಸಣ್ಣದಾಗಿ ಕತ್ತರಿಸಿ ಹಾಕಿದರೆ ಬುಡದವರೆಗೂ ತಿನ್ನುತ್ತವೆ. ಬರಗಾಲದ ವರ್ಷ ಇಷ್ಟರಲ್ಲಿಯೇ ಎತ್ತಿನ ಜೀವ ಉಳಿಯುತ್ತದೆ.

ಆಮೇಲೆ ಬಂದುದು ಕಬ್ಬಿಣದ ನೇಗಿಲು. ನಮ್ಮ ಹಿರಿಯರ ಮರದ ನೇಗಿಲು ಮಣ್ಣನ್ನು ಸೀಳುತ್ತಿತ್ತೇ ಹೊರತು ಹೊರಳಿಸುತ್ತಿರಲಿಲ್ಲ. ಕಬ್ಬಿಣದ ನೇಗಿಲಿಗೆ ರೆಕ್ಕೆಯಂತೆ ಬಾಗಿದ ಒಂದು ತಗಡು ಇರುತ್ತದೆ. ಸೀಳಿದ ಮಣ್ಣು ಅದರ ಮೇಲೆ ಏರಿ, ಬುಡಮೇಲಾಗಿ ಬೀಳುತ್ತದೆ. ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಂಥ ನೇಗಿಲುಗಳು ಪರದೇಶದಿಂದ ಬರುತ್ತಿದ್ದವು. ಲಕ್ಷ್ಮಣರಾಯರು ಅವನ್ನು ಇಲ್ಲಿಯೇ ಮಾಡಿದರು. ಆದರೆ ಕೊಳ್ಳುವವರಿಲ್ಲ! ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ಒಕ್ಕಲುಮಕ್ಕಳಲ್ಲಿ ಹಬ್ಬಿತ್ತು. ಮರದ ನೇಗಿಲಿನ ತುದಿಗೆ ಹಾಕುವ ಕುಳವೂ ಕಬ್ಬಿಣದ್ದೇ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಆದರೂ ನಾವು ಅವರನ್ನು ನಗುವುದು ಸರಿಯಲ್ಲ. ಒಂದು ಹಂಗಾಮು ಕೆಟ್ಟರೆ ಸಂಸಾರವೇ ಬೀದಿಗೆ ಬೀಳುವ ಮನುಷ್ಯನು ಹೊಸದನ್ನು ಕಂಡು ಅಂಜುವುದು ಮೂರ್ಖತನವಲ್ಲ. ಮಾರಾಟ ಕುದುರಲು ಎರಡು ವರ್ಷಗಳು ಹಿಡಿದವು. ಆ ಎರಡು ವರ್ಷ ಲಕ್ಷ್ಮಣರಾಯರು ನೇಗಿಲನ್ನು ಕೈಬಿಡಲಿಲ್ಲವೆಂಬುದೇ ಅವರ ಜೀವನದ ಅತ್ಯಂತ ದೊಡ್ಡ ಸಂಗತಿಯೆಂದು ನಮ್ಮ ಅಭಿಪ್ರಾಯ. ಲಿಯೊನಾರ್ಡೊನ ಬುದ್ಧಿ ಇದಕ್ಕಿಂತ ಎಷ್ಟೋ ಮಡಿ ದೊಡ್ಡದು, ನಿಜ. ಆದರೆ ಅವನ ಯಂತ್ರಗಳಲ್ಲಿ ಹೆಚ್ಚಿನವು ಕಾಗದದ ಮೇಲೆಯೇ ಉಳಿದವು. ಇವರ ಯಂತ್ರ ಹೊಲದ ಬದುವನ್ನು ಮುಟ್ಟಿತು.

ಕೆಲಸ ಹಿಡಿತಕ್ಕೆ ಬರುತ್ತಿದ್ದಾಗಲೇ ಬೆಳಗಾವಿಯ ಊರು ಬೆಳೆಸುವ ಯೋಜನೆಯಲ್ಲಿ ಕಾರಖಾನೆಯ ಜಾಗ ಸಿಕ್ಕಿಕೊಂಡು, ಅಲ್ಲಿಂದ ಏಳಬೇಕಾಗಿ ಬಂದಿತು. ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ರಾಜರಾದ ಭವಾನರಾವ ಪಂತ ಪ್ರತಿನಿಧಿಗಳು. ನಮ್ಮ ಕಡೆಯ ಆಟಪಾಡಿಯೂ ವಿಜಯಪುರದ ಕಡೆಯ ಗುಣದಾಳವೂ ಆ ಸಂಸ್ಥಾನಕ್ಕೆ ಸೇರಿದ್ದವು. ರಾಜರು ಸ್ವತಃ ಚಿತ್ರಕಾರರು. ಔಂಧದ ವಸ್ತುಸಂಗ್ರಹಾಲಯ ಅವರ ಕಲಾಪ್ರೇಮಕ್ಕೆ ಇಂದಿಗೂ ಸಾಕ್ಷಿಯಾಗಿದೆ. ಬಣ್ಣ ಬಲ್ಲ ಚಿತ್ರಕಾರನು ಬಣ್ಣ ಕಾಣದ ಚಿತ್ರಕಾರನಿಗೆ ಕೈಕೊಟ್ಟನೆನ್ನೋಣ. ಕುಂಡಲ ರೋಡ್ ಎಂಬ ಸಣ್ಣ ರೈಲು ನಿಲ್ದಾಣದ ಹತ್ತಿರ ಸುಮಾರು 32 ಎಕರೆ ಜಮೀನನ್ನೂ ಸಾಲವನ್ನೂ ಅವರು ಕೊಟ್ಟರು. ಜಮೀನೆಂದರೆ ಪಾಪಾಸುಕಳ್ಳಿ ಬೆಳೆದ, ಹಾವುಗಳು ತುಂಬಿದ ಬರಡು ನೆಲ. 1910ನೆಯ ಇಸವಿ ಮಾರ್ಚ್ 10ರಂದು ಅಲ್ಲಿ ಕಿರ್ಲೋಸ್ಕರವಾಡಿ ಸ್ಥಾಪನೆಯಾಯಿತು.

ಕೆಲವೇ ಕುಟುಂಬಗಳು ಕಳ್ಳಿ ಕಡಿದು ನೆಲೆ ನಿಂತ ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿಲ್ಲವೆಂದು ಲಕ್ಷ್ಮಣರಾಯರು ಮೊದಲೇ ಗೊತ್ತುಮಾಡಿದರು. ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರನ್ನು ರಾತ್ರಿಯ ಕಾವಲಿಗೆ ನೇಮಿಸಿದರು! ಊರವರು ಬಾಗಿಲು ಮುಚ್ಚಿದ ಜನರ ಕೈಗೆ ಬೀಗದ ಕೈ ಕೊಡುವ ಧೈರ್ಯ, ಯಂತ್ರ ಕಟ್ಟುವ ಧೈರ್ಯಕ್ಕಿಂತ ಹೆಚ್ಚಿನದೇ. ನೇಗಿಲಿನ ಹಿಂದೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪು ಬಂದವು. 1920ರಲ್ಲಿ ಕಾರಖಾನೆ ಕಂಪನಿಯಾಯಿತು. ಮಗ ಶಂತನುರಾಯರು ಅಮೆರಿಕದಲ್ಲಿ ಯಂತ್ರವಿದ್ಯೆ ಕಲಿತು 1926ರಲ್ಲಿ ಬಂದು ಸೇರಿದರು. 1941ರಲ್ಲಿ ಹರಿಹರದ ತುಂಗಭದ್ರೆಯ ದಡದಲ್ಲಿ ಮೈಸೂರು ಕಿರ್ಲೋಸ್ಕರ ಎಂಬ, ಯಂತ್ರಗಳನ್ನು ಮಾಡುವ ಯಂತ್ರಗಳ ಕಾರಖಾನೆ ಎದ್ದಿತು. ಹಲವು ದಶಕ ಎಷ್ಟೋ ಕನ್ನಡ ಮನೆಗಳಿಗೆ ಅನ್ನವಿತ್ತ ಆ ಕಾರಖಾನೆ ಈಗ ಮುಚ್ಚಿಹೋಗಿದೆ. ಕಿರ್ಲೋಸ್ಕರವಾಡಿಯಲ್ಲಿ ಪಂಪುಗಳ ತಯಾರಿಕೆ ಮುಂದುವರಿದಿದೆ.

ಲಕ್ಷ್ಮಣರಾಯರು 1956ನೆಯ ಇಸವಿ ಸೆಪ್ಟೆಂಬರ್ 26ರಂದು ದೈವಾಧೀನರಾದರು. ಅದಾದ ಐದೇ ವಾರಗಳಲ್ಲಿ, ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆ ನಡೆದು ಅವರು ಹುಟ್ಟಿದ ಊರು ಮೈಸೂರು ರಾಜ್ಯಕ್ಕೂ, ಅವರು ಕಟ್ಟಿದ ಊರು ನಮ್ಮ ಜತ್ತದಂತೆಯೇ ಮುಂಬಯಿ ರಾಜ್ಯಕ್ಕೂ ಸೇರಿದವು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷಗಳು ತುಂಬಿದಾಗ, ಭಾರತದ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಅಂಚೆಚೀಟಿಯೊಂದನ್ನು ಹೊರಡಿಸಿತು.