ನೀರ್‌ಸಾಬ್

ಹಳ್ಳಿಯ ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ನಡೆಯುವುದನ್ನು ಕಂಡು ಮರುಗಿದವರು ಅನೇಕರು. ಆ ನಡಿಗೆಯನ್ನು ತಪ್ಪಿಸಲು ಹಟ ತೊಟ್ಟವರು ವಿರಳ. ಅಂಥ ವಿರಳರಲ್ಲಿ ಅಬ್ದುಲ್ ನಜೀರ್ ಸಾಬ್ ಒಬ್ಬರು. ಗುಂಡ್ಲುಪೇಟೆಯವರಾದ ಅವರು 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟವನ್ನು ಸೇರಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ಹೊತ್ತರು. ನಾಡಿನ ಹಲವು ಭಾಗಗಳು ಬರದಿಂದ ಬೆಂದ ಕಾಲವದು. ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಯಿಸಿ ಕೈಪಂಪು ಹಾಕಿಸುವ ಕಾರ್ಯವನ್ನು ಅವರು ಭರದಿಂದ ನಡೆಸಿದರು. ಜನರು ಅಕ್ಕರೆಯಿಂದ ಅವರನ್ನು ನೀರ್‌ಸಾಬ್ ಎಂದು ಕರೆದರು. ಯಾವ ಬಿರುದಿಗಿಂತಲೂ ಈ ಹೆಸರು ತೂಕವಾದುದು.

ಆದರೆ ಪಂಪು ಕೆಟ್ಟರೆ ಹಳ್ಳಿಗರು ಅರ್ಜಿ ಹಿಡಿದು ದೂರದ ಕಚೇರಿಗೆ ಅಲೆಯಬೇಕಾಗಿತ್ತು. ಈ ಪರಾವಲಂಬನೆ ತೊಲಗದೆ ಹಳ್ಳಿಗೆ ಏಳಿಗೆಯಿಲ್ಲವೆಂದು ಅವರು ನಂಬಿದ್ದರು. ಅಂದಿನ ಜಿಲ್ಲಾ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಅದು ಸಲಹೆ ನೀಡಬಲ್ಲದಾಗಿತ್ತೇ ವಿನಾ ಆಡಳಿತ ನಡೆಸುವಂತಿರಲಿಲ್ಲ. 1983ರ ಪಂಚಾಯತ್ ಮಸೂದೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಜನರು ಆರಿಸಿದ ಜಿಲ್ಲಾ ಪರಿಷತ್ತಿಗೆ ಆಡಳಿತದ ಅಧಿಕಾರ ಬಂದಿತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಹಿರಿಯ ಅಧಿಕಾರಿಯೊಬ್ಬರು ಅವರ ಅಧೀನದಲ್ಲಿ ಮುಖ್ಯ ಕಾರ್ಯದರ್ಶಿ. ಕೆಲವು ಹಳ್ಳಿಗಳನ್ನು ಕೂಡಿಸಿ ಒಂದೊಂದು ಮಂಡಲ ಪಂಚಾಯಿತಿ ರಚಿಸಲಾಯಿತು. ಸ್ಥಾನಗಳಲ್ಲಿ ಕಾಲುಭಾಗ ಸ್ತ್ರೀಯರಿಗೆ ಮೀಸಲಾಯಿತು. ಬಾವಿ ಎಲ್ಲಿ ಬೇಕೆಂದು ನಿರ್ಧರಿಸುವ ಸಭೆಯಲ್ಲಿ ಕೊಡ ಹೊತ್ತವರೇ ಕುಳಿತುಕೊಳ್ಳುವಂತಾಯಿತು.

ಇದೇನೂ ಸುಲಭವಾಗಿ ಕೈಗೂಡಲಿಲ್ಲ. ತಮ್ಮ ಹಿಡಿತ ಸಡಿಲವಾದೀತೆಂಬ ಅಳುಕು ಶಾಸಕರಲ್ಲಿಯೂ ಅಧಿಕಾರಿಗಳಲ್ಲಿಯೂ ಇತ್ತು. ಸಚಿವರಾದವರು ಅಧಿಕಾರವನ್ನು ಕೂಡಿಹಾಕುವುದು ಲೋಕದ ರೂಢಿ. ಇವರು ಕೈಯಲ್ಲಿದ್ದುದನ್ನು ಹಂಚಲು ಹೊರಟಿದ್ದರು! ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸುಮಾರು 2,500 ಮಂಡಲ ಪಂಚಾಯಿತಿಗಳು ರೂಪುಗೊಂಡವು. ಅದುವರೆಗೆ ಹೊಸ್ತಿಲು ದಾಟಿ ಸಭೆಗೆ ಬಾರದಿದ್ದ ಎಷ್ಟೋ ಮಹಿಳೆಯರು ಸದಸ್ಯೆಯರಾದರು. ಆರಂಭದಲ್ಲಿ ಕೆಲವರ ಪರವಾಗಿ ಗಂಡಂದಿರೇ ಮಾತನಾಡುತ್ತಿದ್ದುದೂ ಉಂಟು.

ತಾವು ನೆಟ್ಟ ಸಸಿ ಬೇರೂರುವುದನ್ನು ನೋಡಲು ನಜೀರ್ ಸಾಬರಿಗೆ ಎರಡು ವರ್ಷಗಳೂ ದೊರೆಯಲಿಲ್ಲ. ಕ್ಯಾನ್ಸರ್ ವ್ಯಾಧಿಗೆ ತುತ್ತಾಗಿ ಅವರು 1988ರ ಅಕ್ಟೋಬರಿನಲ್ಲಿ ನಿಧನರಾದರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತ ಮತ್ತೆ ಅಧಿಕಾರಿಗಳ ಕೈ ಸೇರಿತು. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ, 1993ರಲ್ಲಿ ರಾಜ್ಯವು ಹೊಸ ಕಾಯಿದೆಯನ್ನು ಮಾಡಿತು. ಕಾಲಕಾಲಕ್ಕೆ ಚುನಾವಣೆ ನಡೆಸುವುದು ಸಂವಿಧಾನದ ಕಟ್ಟಳೆಯೇ ಆಯಿತು. ಮೈಸೂರಿನಲ್ಲಿ ಅವರ ಹೆಸರಿನ ಸಂಸ್ಥೆಯೊಂದಿದೆ. ಹೊಸದಾಗಿ ಆಯ್ಕೆಯಾದ ಪಂಚಾಯಿತಿ ಸದಸ್ಯರಿಗೆ ಅದು ಆಡಳಿತದ ತರಬೇತಿ ನೀಡುತ್ತದೆ.