ಚೆಂಡು ಕೊಟ್ಟರು, ನಾಯಕತ್ವ ಕೊಡಲಿಲ್ಲ


ಬ್ರೂಸ್‌ಪೇಟೆ ಬಳಗದ ಇಂದಿನ ಚಿಂತನೆ: *ಕಷ್ಟದ ಹೊತ್ತಿನಲ್ಲಿ ಒಬ್ಬರ ಮೇಲೆ ನಂಬಿಕೆ ಇಡುವುದು ಎಂದರೇನು?*

ಪಾಲ್ವಣಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ, ಚಮಾರ ಕುಟುಂಬದಲ್ಲಿ. ಬೆಳೆದದ್ದು ಪುಣೆಯಲ್ಲಿ. ಅಲ್ಲಿನ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ಮೇಲೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು ಅವರ ಕೆಲಸ. ಸಂಬಳ ತಿಂಗಳಿಗೆ 4 ರೂಪಾಯಿ. ಎಡಗೈ ಸ್ಪಿನ್ ಬೌಲಿಂಗ್ ಅವರಿಗೆ ಒಲಿದಿತ್ತು. ಗ್ರೇಗ್ ಎಂಬ ಇಂಗ್ಲಿಷ್ ಆಟಗಾರ ಗಂಟೆಗಟ್ಟಲೆ ಅವರಿಂದ ಬೌಲಿಂಗ್ ಮಾಡಿಸಿಕೊಂಡು, ಔಟಾದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನಂತೆ. ಬ್ಯಾಟು ಮಾತ್ರ ಬಾಲೂ ಕೈಗೆ ಯಾರೂ ಕೊಡಲಿಲ್ಲ.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸುವ ಆಸೆ. ಬಾಲೂ ಇಲ್ಲದೆ ಅದು ಆಗದು ಎಂಬುದೂ ಗೊತ್ತು. ಸೇರಿಸಿಕೊಂಡರು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾ ವಿರಾಮ ಬಂದರೆ ಬಾಲೂಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೂ ಬೇರೆ ತಟ್ಟೆ.

1906ರಲ್ಲಿ ಬಾಂಬೆಯ ಪಂದ್ಯ. ಯುರೋಪಿಯನ್ನರು ಗೆಲ್ಲಲು 212 ರನ್ ಬೇಕಿತ್ತು, 102ಕ್ಕೆ ಆಲೌಟಾದರು. ಬಾಲೂ ಬೌಲಿಂಗೇ ಅದಕ್ಕೆ ದೊಡ್ಡ ಕಾರಣ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಪಡೆದದ್ದು 114 ವಿಕೆಟ್.

ಆದರೂ ನಾಯಕ ಮಾಡಲಿಲ್ಲ. ಬೆಂಬಲಿಗರು ವರ್ಷ ವರ್ಷವೂ ಕೇಳಿದರು. ಪಂದ್ಯ ಕೈಜಾರುವಾಗ ಚೆಂಡು ಬಾಲೂ ಕೈಗೆ, ಟಾಸಿಗೆ ಹೋಗಲು ಬೇರೆಯವರು. ಇದು ನಂಬಿಕೆಯೇ? ನನಗಂತೂ ಬಾಡಿಗೆ ಎತ್ತು ಹೂಡಿದ ಹಾಗೆ ಕಾಣುತ್ತದೆ.

ಉಪಾಲಿ ಥೇರರು ನೆನಪಾಗುತ್ತಾರೆ. ಶಾಕ್ಯ ರಾಜಕುಮಾರರ ಜೊತೆ ಬಂದ ಕ್ಷೌರಿಕ. ಭಗವಾನ್ ಬುದ್ಧರು ಅವರಿಗೇ ಮೊದಲು ದೀಕ್ಷೆ ಕೊಟ್ಟರು. ಸಂಘದಲ್ಲಿ ಮೊದಲು ಬಂದವರಿಗೆ ನಂತರದವರು ವಂದಿಸಬೇಕು, ಹಾಗಾಗಿ ರಾಜಕುಮಾರರು ತಮ್ಮ ಕ್ಷೌರಿಕನಿಗೆ ತಲೆಬಾಗಿದರು. ಬುದ್ಧರ ಪರಿನಿಬ್ಬಾಣದ ನಂತರ, ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರೂ ಉಪಾಲಿಯೇ.

1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕ ಪೈ ಕಾಯಿಲೆ ಬಿದ್ದಾಗ, ಬಾಲೂ ತಮ್ಮ ವಿಠ್ಠಲರನ್ನು ದಾಟಿ ನಾಯಕತ್ವ ದೇವಧರ್‌ಗೆ ಹೋಯಿತು. ವಿಠ್ಠಲ ಮತ್ತು ಇನ್ನೊಬ್ಬ ತಮ್ಮ ಶಿವರಾಮ್ ಬಹಿರಂಗವಾಗಿಯೇ ಕಾರಣ ಹೇಳಿ ತಂಡದಿಂದ ಹೊರನಡೆದರು. ಅಣ್ಣನ ಮೇಲೆ ನಂಬಿಕೆ ತೋರಿಸಿದ್ದು ಹೀಗೆ. ಮುಂದಿನ ಪಂದ್ಯಕ್ಕೆ ಅಣ್ಣತಮ್ಮಂದಿರನ್ನು ಮತ್ತೆ ಕರೆದರು, ಬಾಲೂ ಉಪನಾಯಕರಾದರು. ಪೈ ಮೈದಾನದಿಂದ ಆಚೆ ಹೋದ ಸ್ವಲ್ಪ ಹೊತ್ತು ತಂಡ ನಡೆಸಿದರು. ಅಷ್ಟೇ ಸಿಕ್ಕಿದ್ದು. 1923ರಲ್ಲಿ ವಿಠ್ಠಲ ನಾಯಕರಾದರು, ತಂಡ ಗೆದ್ದಿತು.

ಬಾಬಾಸಾಹೇಬರಿಗೆ ಬಾಲೂ ಎಂದರೆ ಅಭಿಮಾನವಿತ್ತು. ಮುಂದೆ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂ ಅವರನ್ನೇ. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಇದೊಂದಕ್ಕಾಗಿ ನಮ್ಮಲ್ಲಿ ಕೆಲವರು ಅವರ ಹೆಸರೆತ್ತುವುದಿಲ್ಲ. ಆದರೆ ನೋಡಿ, ಕಷ್ಟ ಬಂದಾಗ ಕಾಂಗ್ರೆಸ್ಸೂ ಚೆಂಡನ್ನು ಅವರ ಕೈಗೇ ಕೊಟ್ಟಿತ್ತು.

ಬಾಲೂ ತೀರಿಕೊಂಡದ್ದು 1955ರ ಜುಲೈ 4ರಂದು. ನಾಗಪುರದ ದೀಕ್ಷೆಗೆ ಇನ್ನೂ 15 ತಿಂಗಳು ಬಾಕಿ ಇತ್ತು.

ಜೈ ಭೀಮ್ 🙏